ಅವ್ವಗ ಹೇಳಬ್ಯಾಡ್ರಿ

ಮಸಗುಪ್ಪಿ
12 ಆಗಸ್ಟ್ 2024

ವಿದ್ಯಾಳಿಗೆ,

ನಿನ್ನ ಅಣ್ಣನ ಹೆಂಡತಿ ಶೋಭಾ ಮಾಡುವ ಆಶೀರ್ವಾದಗಳು. ನಿನ್ನ ಹೆಸರಿನ ಹಿಂದೆ ಸೌಭಾಗ್ಯವತಿ ಎಂದು ಬರೆಯಬೇಕೋ ಬೇಡವೋ ಎಂಬುದು ನೀನು ಗಂಡನ ಮನೆ ಬಿಟ್ಟು ಬಂದ ಹದಿನೆಂಟು ವರ್ಷಗಳಿಂದ ನನಗೆ ತಿಳಿದಿಲ್ಲ. ಅದಕ್ಕೇ ಬರೀ ಹೆಸರು ಬರೆದಿದ್ದೇನೆ, ತಪ್ಪು ತಿಳಿಯಬೇಡ.

ಫೋನು ಮಾಡಬಹುದಿತ್ತು. ಆದರೆ ಈ ಮನೆಯಲ್ಲಿ ಒಬ್ಬರು ಫೋನು ಹಿಡಿದರೆ ನಾಲ್ಕು ಜನ ಕಿವಿ ಕೊಡುತ್ತಾರೆ. ಮೇಲಾಗಿ ಮಾತಿನಲ್ಲಿ ನಿನ್ನನ್ನು ಗೆಲ್ಲುವುದು ನನ್ನಿಂದಾಗದು. ಬರೆದರೆ ನೀನು ನಡುವೆ ಬಾಯಿ ಹಾಕಲಾರೆ. ಈ ಕಾಗದವನ್ನು ಮಗಳು ಶಿವಾನಿಯ ಬುತ್ತಿಯ ಚೀಲದಲ್ಲಿ, ರೊಟ್ಟಿ ಸುತ್ತಿದ ಅರಿವೆಯ ಕೆಳಗೆ ಇಡುತ್ತಿದ್ದೇನೆ. ನಿನ್ನ ಅಣ್ಣ ಎಂದಿನಂತೆ ಚೀಲವನ್ನು ಮೂಡಲಗಿಯಲ್ಲಿ ಬಸ್ಸಿಗೆ ಹಾಕುತ್ತಾರೆ, ಕಂಡಕ್ಟರು ನಿನ್ನ ಹೊಲಿಗೆ ಅಂಗಡಿಗೆ ಮುಟ್ಟಿಸುತ್ತಾನೆ.

ನನ್ನ ಮಗಳು ಹುಕ್ಕೇರಿಯ ರಕ್ತ ತಪಾಸಣೆಯ ಲ್ಯಾಬಿನಲ್ಲಿ ನೌಕರಿ ಹಿಡಿದು ನಿನ್ನ ಮನೆಯಲ್ಲಿ ಉಳಿದು ಎರಡು ವರ್ಷವಾಯಿತು. ವಾರಕ್ಕೆ ಮೂರು ಸಲ ನಾನು ಬುತ್ತಿ ಕಳಿಸುವುದಕ್ಕೆ, "ಯಾಕ, ನನ್ನ ಮನ್ಯಾಗ ಒಲಿ ಇಲ್ಲೇನ?" ಎಂದು ನೀನು ನಿನ್ನ ಅಣ್ಣನ ಮುಂದೆ ನಕ್ಕೆಯಂತೆ. ಒಲೆ ಇದೆ, ಗೊತ್ತು. ನೀನು ಡಬ್ಬಿ ತೊಳೆದು, ಅದರ ತುಂಬ ರೊಟ್ಟಿಗೆ ಹಚ್ಚಿಕೊಳ್ಳುವ ಗುರೆಳ್ಳು ಹಿಂಡಿಯ ಪುಡಿ ತುಂಬಿ ತಿರುಗಿ ಕಳಿಸುತ್ತೀಯಲ್ಲ, ಶಿವಾನಿಗೆ ನನ್ನ ಹಿಂಡಿಗಿಂತ ನಿನ್ನದೇ ಸೇರುತ್ತದೆ ಎಂದು ತೋರಿಸಲಿಕ್ಕೇ ಕಳಿಸುತ್ತೀ. ಹೌದು, ನನಗೆ ಹೊಟ್ಟೆಕಿಚ್ಚು. ಮುಚ್ಚಿಟ್ಟುಕೊಂಡು ನನಗೇನಾಗಬೇಕಾಗಿದೆ?

ನಾಗರ ಪಂಚಮಿಗೆ ಬಂದವಳು ಒಂದೇ ದಿನ ಇದ್ದಳು. ಜೋಕಾಲಿಯ ಮೇಲೆ ಕುಳಿತು ನಿನ್ನೊಂದಿಗೆ ಫೋನಿನಲ್ಲಿ ಮಾತನಾಡುತ್ತಿದ್ದಳು. ನಾನು ಉಂಡಿಯ ತಾಟು ಹಿಡಿದುಕೊಂಡು ಅವಳ ಬೆನ್ನ ಹಿಂದೆ ಬಂದು ನಿಂತಿದ್ದು ಅವಳಿಗೆ ಗೊತ್ತಾಗಲಿಲ್ಲ. "ಅವ್ವಗ ಹೇಳಬ್ಯಾಡ್ರಿ ಅತ್ತಿ, ಆಕಿಗೆ ತಿಳ್ಯಾಂಗಿಲ್ಲ" ಎಂದಳು. ತಾಟನ್ನು ಕಟ್ಟೆಯ ಮೇಲಿಟ್ಟು ಒಳಗೆ ಬಂದೆ.

ಏನದು? ಗೋಕಾಕದಿಂದ ಸಂಬಂಧ ಬಂದಿದೆ. ಹುಡುಗನ ಹೆಸರು ಗುರುರಾಜ, ಕರದಂಟಿನ ವ್ಯಾಪಾರದ ಮನೆ. ಬೇಸಿಗೆಯಲ್ಲಿ ಬಳಗದವರ ಮದುವೆಯಲ್ಲಿ ಶಿವಾನಿಯನ್ನು ನೋಡಿ ಮೆಚ್ಚಿದ್ದಾರೆ. ಅವರಿಗೆ ಮಾತು ಕೊಡುವ ಮೊದಲು ನನಗೆ ಎಲ್ಲ ಗೊತ್ತಾಗಬೇಕು. ಹೆತ್ತವಳು ನಾನು, ಗುಟ್ಟು ನಿನ್ನ ಹತ್ತಿರ. ಇದು ಯಾವ ನ್ಯಾಯ?

ಇಂತಿ,
ಶೋಭಾ


ಹುಕ್ಕೇರಿ
16 ಆಗಸ್ಟ್ 2024

ವೈನಿಯವರಿಗೆ ಶರಣು.

ತೊಳೆದ ಡಬ್ಬಿಯನ್ನು ಬರಿದು ಕಳಿಸಬಾರದೆಂದು ನಮ್ಮ ಅವ್ವ ಕಲಿಸಿದ್ದಳು, ಹಿಂಡಿಯ ಹಿಂದೆ ಇರುವುದು ಅಷ್ಟೇ. ಬೇಡವೆಂದರೆ ನಿಲ್ಲಿಸುತ್ತೇನೆ.

ಅಂಗಡಿಗೆ ಬಂದ ಹೆಂಗಸರ ಮೈಯಳತೆಯನ್ನು ನಾನು ಇನ್ನೊಬ್ಬರ ಮುಂದೆ ಹೇಳುವವಳಲ್ಲ. ಶಿವಾನಿ ಹೇಳಿದ್ದನ್ನೂ ಹೇಳುವುದಿಲ್ಲ. ನಿಮ್ಮ ನಿದ್ದೆಗಾಗಿ ಇಷ್ಟು ಹೇಳುತ್ತೇನೆ: ಯಾವ ಹುಡುಗನೂ ಇಲ್ಲ, ಯಾವ ರೋಗವೂ ಇಲ್ಲ. ಉಳಿದದ್ದನ್ನು ಅವಳನ್ನೇ ಕೇಳಿರಿ. ಕೇಳಿದ ಮೇಲೆ ಉತ್ತರ ಬರುವವರೆಗೆ ಕಾಯಿರಿ. ನಿಮಗೆ ಕಾಯುವ ಅಭ್ಯಾಸ ಕಡಿಮೆ, ಸಿಟ್ಟಾಗಬೇಡಿ. ಗೋಕಾಕದವರಿಗೆ ಅಲ್ಲಿಯವರೆಗೆ ಮಾತು ಕೊಡಬೇಡಿ.

ನಿಮ್ಮ,
ವಿದ್ಯಾ


ಮಸಗುಪ್ಪಿ
2 ಸೆಪ್ಟೆಂಬರ್ 2024

ಚಿ. ಶಿವಾನಿಗೆ,

ಅವ್ವನ ಆಶೀರ್ವಾದ. ನಿನ್ನ ಅತ್ತೆ ನಿನ್ನನ್ನೇ ಕೇಳಬೇಕೆಂದು ನನಗೆ ಬುದ್ಧಿ ಹೇಳಿದ್ದಾಳೆ. ನನ್ನ ಮಗಳೊಂದಿಗೆ ಹೇಗೆ ಮಾತನಾಡಬೇಕೆಂದು ಈಗ ನನಗೆ ಅವಳು ಕಲಿಸಬೇಕಾಗಿದೆ.

ಯಾವ ಹುಡುಗನೂ ಇಲ್ಲ ಎಂದಿದ್ದಾಳೆ, ನಾನು ನಂಬಿಲ್ಲ. ಯಾರನ್ನಾದರೂ ಮೆಚ್ಚಿದ್ದರೆ ಹೆಸರು ಹೇಳು. ಜಾತಿ ಬೇರೆಯಾದರೆ ನಿನ್ನಪ್ಪ ನಾಲ್ಕು ದಿನ ಉಣ್ಣುವುದಿಲ್ಲ, ಐದನೆಯ ದಿನ ಉಣ್ಣುತ್ತಾರೆ, ಅವರನ್ನು ನಾನು ನೋಡಿಕೊಳ್ಳುತ್ತೇನೆ. ಅದಲ್ಲದೆ ನೀನು ಹುಡುಗಿಯನ್ನೇ ಮೆಚ್ಚಿದ್ದೀಯಾ? ನಾನೂ ಮೊಬೈಲಿನಲ್ಲಿ ಎಲ್ಲ ನೋಡುತ್ತೇನೆ, ಅಷ್ಟು ದಡ್ಡಿ ಅಲ್ಲ. ನಿನ್ನ ಗೆಳತಿ ನಂದಿನಿಯ ಮಾತು ನಿನ್ನ ಬಾಯಲ್ಲಿ ಬಹಳ ಬರುತ್ತದೆ. ಬಾಗಿಲ ಅಗಳಿ ಹಾಕಿಕೊಂಡು ಇದನ್ನು ಕೇಳುತ್ತಿದ್ದೇನೆ.

ಚಿಕ್ಕವಳಿದ್ದಾಗ ಬಿದ್ದು ಮೊಣಕಾಲು ಕೆತ್ತಿದರೆ ಇಡೀ ಓಣಿಯನ್ನು ದಾಟಿ ನನ್ನ ಹತ್ತಿರ ಓಡಿಬಂದು ಆಮೇಲೆ ಅಳುತ್ತಿದ್ದೆ. ದಾರಿಯಲ್ಲಿ ಯಾರ ಮುಂದೆಯೂ ಅತ್ತವಳಲ್ಲ. ಈಗ ನಿನಗೆ ಬೇರೆಯವರ ಮನೆ ಹತ್ತಿರವಾಯಿತು.

ಇಂತಿ,
ಅವ್ವ


ಹುಕ್ಕೇರಿ
19 ಸೆಪ್ಟೆಂಬರ್ 2024

ಅವ್ವನಿಗೆ ನಮಸ್ಕಾರ.

ಹದಿನೇಳು ದಿನ ತಡವಾಯಿತು. ನಾಲ್ಕು ಸಲ ಬರೆದು ಹರಿದು ಹಾಕಿದೆ.

ಹುಡುಗನೂ ಇಲ್ಲ, ಹುಡುಗಿಯೂ ಇಲ್ಲ. ಕಾಲೇಜಿನಲ್ಲಿ ಗೆಳತಿಯರು ಯಾರನ್ನೋ ನೋಡಿ ಹೀಗಾಯಿತು ಹಾಗಾಯಿತು ಎಂದು ಹೇಳುವಾಗ ನಾನೂ ಜೊತೆಗೆ ನಗುತ್ತಿದ್ದೆ. ನನಗೂ ಒಂದು ದಿನ ಆಗುತ್ತದೆ, ಸ್ವಲ್ಪ ತಡ ಎಂದುಕೊಂಡಿದ್ದೆ. ನನಗೀಗ ಇಪ್ಪತ್ತೈದು, ಆಗಿಲ್ಲ. ಯಾರೊಂದಿಗಾದರೂ ಮಲಗಬೇಕು ಎಂಬ ಆಸೆ ನನಗೆ ಯಾರ ಮೇಲೂ ಹುಟ್ಟುವುದಿಲ್ಲ ಅವ್ವಾ. ಹೀಗಿರುವವರು ತಮ್ಮನ್ನು ಅಸೆಕ್ಷುಯಲ್ ಎಂದು ಕರೆದುಕೊಳ್ಳುತ್ತಾರೆ. ಕನ್ನಡದಲ್ಲಿ ಕೆಲವರು ಅಲೈಂಗಿಕ ಎಂದು ಬರೆಯುತ್ತಾರೆ. ಅದು ನನಗೆ ವಿಜ್ಞಾನದ ಪಾಠದ ಹಾಗೆ ಕೇಳಿಸುತ್ತದೆ, ಇರಲಿ. ನಂದಿನಿಯದು ಬೇರೆ. ಅವಳು ತಾನು ಡೆಮಿಸೆಕ್ಷುಯಲ್ ಎನ್ನುತ್ತಾಳೆ. ಒಬ್ಬರನ್ನು ವರ್ಷಗಟ್ಟಲೆ ಹಚ್ಚಿಕೊಂಡ ಮೇಲಷ್ಟೇ ಅವಳಲ್ಲಿ ಆ ಆಸೆ ಏಳುತ್ತದೆ. ನಾನೂ ಅವಳಂತೆಯೇ ಎಂದು ತಿಳಿದು ಎರಡು ವರ್ಷ ಕಾದೆ. ನಂದಿನಿಯನ್ನು ಕಂಡು ಅಸೂಯೆಪಟ್ಟದ್ದೂ ಉಂಟು, ಅವಳಿಗಾದರೂ ಎಂದೋ ಒಂದು ದಿನ ಎಲ್ಲರಂತೆ ಆಗುತ್ತದಲ್ಲ ಎಂದು.

ರಕ್ತ ತಪಾಸಣೆ ಮಾಡಿಸಿದೆಯಾ ಎಂದು ನೀನು ಕೇಳುತ್ತೀ. ಲ್ಯಾಬಿನಲ್ಲಿ ನನ್ನ ರಕ್ತವನ್ನು ನಾನೇ ಮೂರು ಸಲ ತಪಾಸಣೆ ಮಾಡಿದ್ದೇನೆ. ಅಷ್ಟು ಹೆದರಿದ್ದೆ. ಎಲ್ಲ ಸರಿಯಾಗಿದೆ. ಆ ಶಬ್ದವನ್ನು ಮೊದಲ ಸಲ ಓದಿದ ದಿನ, ನನ್ನಂಥವರು ಬೇರೆ ಕಡೆಯೂ ಇದ್ದಾರೆ ಎಂದು ತಿಳಿದು ಬಸ್ಸಿನಲ್ಲಿ ಕುಳಿತು ಅತ್ತುಬಿಟ್ಟೆ. ನನಗೆ ಪ್ರೀತಿ ಗೊತ್ತಿದೆ. ನಿನ್ನ ಮೇಲಿದೆ, ಅಪ್ಪನ ಮೇಲೆ, ಅತ್ತೆಯ ಮೇಲೆ ಇದೆ.

ಅತ್ತೆಗೆ ಮೊದಲು ಯಾಕೆ ಹೇಳಿದೆ ಎಂದೇ ನಿನಗೆ ಹೆಚ್ಚು ನೋವು. ನಾನು ಶಾಲೆಯಲ್ಲಿ ಎರಡನೇ ಇಯತ್ತೆಯಲ್ಲಿದ್ದೆ. ನೀನು ರೊಟ್ಟಿ ಬಡಿಯುತ್ತ, ಬಾಜೂ ಮನೆಯ ಪಾರವ್ವನ ಮುಂದೆ ಅತ್ತೆಯ ಬಗ್ಗೆ ಹೇಳಿದೆ: "ಗಂಡನ ಬಾಜೂ ಮಲಗಾಕ ಒಲ್ಲೆ ಅಂತ ಓಡಿ ಬಂದಾಳ. ಅಂಥಾಕಿ ಹೆಂಗಸ ಹೆಂಗಾಗ್ತಾಳ?" ಇಬ್ಬರೂ ನಕ್ಕಿರಿ. ನನಗಾಗ ಏನೂ ಅರ್ಥವಾಗಲಿಲ್ಲ, ನೆನಪು ಮಾತ್ರ ಉಳಿಯಿತು. ಅರ್ಥವಾದಾಗ, ನೀನು ನಕ್ಕದ್ದು ನನಗೇ ಎನಿಸಿತು. ಆಮೇಲೆ ನಿನ್ನ ಮುಂದೆ ಹೇಗೆ ಬಾಯಿ ತೆರೆಯಲಿ?

ಗುರುರಾಜನಲ್ಲಿ ಕೆಟ್ಟದ್ದೇನೂ ನನಗೆ ಕಾಣಲಿಲ್ಲ. ಆದರೂ ಬೇಡ. ಅವರಿಗೆ ಹೇಳಿಬಿಡು ಅವ್ವಾ, ನಿನ್ನ ಕಾಲಿಗೆ ಬೀಳುತ್ತೇನೆ.

ನಿನ್ನ,
ಶಿವಾನಿ


ಮಸಗುಪ್ಪಿ
24 ಸೆಪ್ಟೆಂಬರ್ 2024

ವಿದ್ಯಾ,

ಅವಳ ಕಾಗದ ಶುಕ್ರವಾರ ಸಿಕ್ಕಿತು. ಭಾನುವಾರ ಗೋಕಾಕದವರು ಬಂದರು. ಹುಡುಗನ ತಾಯಿ ಚನ್ನವ್ವ, "ಹುಡುಗಿ ಅವ್ವ ನೀವು, ಮೊದಲ ನೀವ ಬಾಯಿ ಸೀ ಮಾಡ್ಕೊರಿ" ಎಂದು ನನ್ನ ಬಾಯಿಗೆ ಸಕ್ಕರೆ ಹಾಕಿದರು. ನಾನು ನುಂಗಿದೆ. ಸಕ್ಕರೆ ತಿಂದರೆ ನಮ್ಮಲ್ಲಿ ಮಾತು ಮುಗಿದಂತೆ ಎಂದು ನಿನಗೂ ಗೊತ್ತು. ಅಕ್ಟೋಬರ್ ಇಪ್ಪತ್ತಕ್ಕೆ ನಿಶ್ಚಯ. ಶಿವಾನಿಗೆ ನೀನೇ ತಿಳಿಸು, ನಿನ್ನ ಮಾತು ಅವಳಿಗೆ ರುಚಿ.

ಕಾಗದ ಓದಿದ ಮೇಲೂ ಯಾಕೆ ತಿಂದೆ ಎಂದು ಕೇಳುತ್ತೀ. ಸಿಟ್ಟಿಗೆ ತಿಂದೆ. ಆ ಕಾಗದದಲ್ಲಿ ಏನೇನೋ ಇಂಗ್ಲಿಷ್ ಹೆಸರುಗಳಿದ್ದವು. ಅವು ನನಗೆ ಪೂರ್ತಿ ತಿಳಿಯಲಿಲ್ಲ. ತಿಳಿದದ್ದು ಒಂದೇ: ನನ್ನ ಮಗಳು ಬಸ್ಸಿನಲ್ಲಿ ಕುಳಿತು ಅತ್ತಳು, ಇಳಿದು ನಿನ್ನ ಮನೆಗೆ ಬಂದಳು, ಕಣ್ಣು ಒರೆಸಿದ್ದು ನೀನು. ಅವಳ ಮೂಗು ನನ್ನದು, ಕೂದಲು ನನ್ನದು, ಸಿಟ್ಟೂ ನನ್ನದೇ. ಒಳಗೆ ಮಾತ್ರ ನಿನ್ನಂತಾಗಿದ್ದಾಳೆ. ಗಂಡ ಬೇಡ, ಸಂಸಾರ ಬೇಡ ಎನ್ನುವುದನ್ನು ಎರಡು ವರ್ಷ ನಿನ್ನ ಮಷಿನಿನ ಬಾಜೂ ಕುಳಿತು ಕಲಿತಳು. ನಿನಗೆ ಮಕ್ಕಳಾಗಲಿಲ್ಲವೆಂದು ನನ್ನದನ್ನು ಎಳೆದುಕೊಂಡೆ.

ಬರೆದದ್ದು ಹೆಚ್ಚಾಯಿತು. ಆದರೂ ಹರಿಯುವುದಿಲ್ಲ.

ಶೋಭಾ


ಹುಕ್ಕೇರಿ
1 ಅಕ್ಟೋಬರ್ 2024

ವೈನಿಯವರಿಗೆ ಶರಣು.

ನಿಮ್ಮ ಕಾಗದವನ್ನು ಮೂರು ದಿನ ದಾರದ ಡಬ್ಬಿಯಲ್ಲಿ ಮುಚ್ಚಿಟ್ಟಿದ್ದೆ. ಮಕ್ಕಳಾಗಲಿಲ್ಲ ಎಂಬ ಮಾತು ಓದಿದ ಮೇಲೆ ಯಾವ ಬ್ಲೌಸಿಗೂ ಹೊಲಿಗೆ ನೆಟ್ಟಗೆ ಬೀಳಲಿಲ್ಲ. ಇದಕ್ಕೆ ಉತ್ತರ ಬರೆಯಬಾರದೆಂದಿದ್ದೆ. ಆದರೆ ನೀವು ಸಕ್ಕರೆ ತಿಂದು ಕುಳಿತಿದ್ದೀರಿ, ಇನ್ನು ಸುಮ್ಮನಿರುವಂತಿಲ್ಲ.

ನಾನು ಶಿವಾನಿಯಂಥವಳಲ್ಲ. ನನಗೆ ಗಂಡ ಬೇಕಾಗಿತ್ತು. ಮೈಗೂ ಬೇಕಾಗಿತ್ತು, ಮನಸ್ಸಿಗೂ ಬೇಕಾಗಿತ್ತು. ಯಮಕನಮರಡಿಯ ಆ ಮನೆಯಲ್ಲಿ ಮೂರು ವರ್ಷ ಅವರ ಬಾಜೂ ಮಲಗಿದೆ. ಸೋಮಲಿಂಗ ಅವರು ಒಂದು ದಿನವೂ ನನ್ನನ್ನು ಮುಟ್ಟಲಿಲ್ಲ. ಬೈಯಲಿಲ್ಲ, ಹೊಡೆಯಲಿಲ್ಲ. ನನಗೆ ಜ್ವರ ಬಂದರೆ ಅಂಗಡಿ ಮುಚ್ಚಿ ಬಂದು ಗಂಜಿ ಕಾಸಿ ಕೊಡುತ್ತಿದ್ದರು. ನನ್ನಲ್ಲಿ ಏನು ಕಡಿಮೆ ಎಂದು ಕನ್ನಡಿ ನೋಡಿ ನೋಡಿ ಸಾಕಾಯಿತು. ಇನ್ನೊಬ್ಬಳು ಇರಲೇಬೇಕೆಂದು ತಿಳಿದು, ಅವರ ಟ್ರ್ಯಾಕ್ಟರ್ ಸಾಮಾನಿನ ಅಂಗಡಿಯ ಎದುರು ಸೆರಗು ಮುಚ್ಚಿಕೊಂಡು ನಿಂತು ಬರುವವರು ಹೋಗುವವರನ್ನೆಲ್ಲ ನೋಡುತ್ತಿದ್ದೆ. ಇಲ್ಲದ ಹೆಂಗಸಿನ ಮೇಲೆ ಮೂರು ವರ್ಷ ಹೊಟ್ಟೆಕಿಚ್ಚುಪಟ್ಟವಳು ನಾನು, ವೈನಿ.

ಕಡೆಗೊಮ್ಮೆ ಅವರನ್ನೇ ಕೇಳಿದೆ. ಅವರು ಅತ್ತರು. "ನನಗ ಹಂಗ ಅನಸೂದ ಇಲ್ಲ ವಿದ್ಯಾ. ಯಾರ ಮ್ಯಾಲೂ ಅನಸೂದಿಲ್ಲ. ಯಾಕಂತ ನನಗೂ ಗೊತ್ತಿಲ್ಲ" ಎಂದರು. ನಾನು ನಂಬಲಿಲ್ಲ. ಆಡಬಾರದ್ದನ್ನೆಲ್ಲ ಆಡಿ ಬಂದೆ. ತವರಿಗೆ ಬಂದ ಮೇಲೆ, ನಿಜ ಹೇಳಿದರೆ ಊರು ಅವರನ್ನು ಗಂಡಸೇ ಅಲ್ಲ ಎನ್ನುತ್ತದೆ ಎಂದು ಹೆದರಿಕೆಯಾಯಿತು. ಹಾಗಾಗಿ ನಾನೇ ಒಲ್ಲೆನೆಂದೆ ಎಂದು ಹೇಳಿದೆ. ನೀವು ಪಾರವ್ವನ ಮುಂದೆ ಆಡಿದ ಮಾತು ನನ್ನ ಕಿವಿಗೂ ಬಂದಿತ್ತು. ಕೇಳಿಯೂ ಸುಮ್ಮನಿದ್ದೆ.

ಶಿವಾನಿ ಹೇಳಿದ ದಿನ ನಾನು ಅವಳ ಕಣ್ಣು ಒರೆಸಲಿಲ್ಲ, ನಿಮ್ಮ ಲೆಕ್ಕ ಅಲ್ಲೂ ತಪ್ಪಿದೆ. ಕತ್ತರಿ ಕೆಳಗಿಟ್ಟು ಎದ್ದು ಹಿತ್ತಲಿಗೆ ಹೋದೆ. ಅವಳ ಮೇಲೆ ಕೆಟ್ಟ ಸಿಟ್ಟು ಬಂದಿತ್ತು. ಈ ಹುಡುಗಿಗೆ ಸಿಕ್ಕ ಒಂದು ಶಬ್ದ ಆ ಮನುಷ್ಯನಿಗೆ ಅಂದು ಸಿಕ್ಕಿದ್ದರೆ ನನ್ನ ಮೂರು ವರ್ಷ ಉಳಿಯುತ್ತಿತ್ತಲ್ಲ ಎನಿಸಿತು. ಅರ್ಧ ಗಂಟೆಯ ಮೇಲೆ ಒಳಗೆ ಬಂದೆ, ಅವಳು ಕುಳಿತಲ್ಲೇ ಕುಳಿತಿದ್ದಳು. ಸೋಮಲಿಂಗ ಅವರೂ ಅವಳಂಥವರೇ ಇರಬಹುದು. ಅದನ್ನು ಅವರೇ ಹೇಳಬೇಕು, ಅವರಿಗೆ ಹೆಸರಿಡುವವಳು ನಾನಲ್ಲ. ಆದರೆ ಅವರು ಅಂದು ಸುಳ್ಳು ಹೇಳಲಿಲ್ಲ ಎಂದು ನನಗೆ ಗೊತ್ತಾಗಲು ನಿಮ್ಮ ಮಗಳೇ ಬೇಕಾಯಿತು.

ಇಪ್ಪತ್ತನೇ ತಾರೀಖು ನೀವು ಈ ನಿಶ್ಚಯ ಮಾಡಿದರೆ ಶಿವಾನಿ ಆ ಮನೆಯಲ್ಲಿ ಸೋಮಲಿಂಗ ಅವರಂತೆ ಅಳುತ್ತಾಳೆ. ಗುರುರಾಜ ನನ್ನಂತೆ ಕನ್ನಡಿ ನೋಡುತ್ತಾನೆ. ಆ ಹುಡುಗ ನಿಮಗೇನು ಅನ್ಯಾಯ ಮಾಡಿದ್ದಾನೆ?

ಇನ್ನೊಂದು. ನೀವು ಜಗಳವಾಡುತ್ತಲೇ ಅಣ್ಣನ ತಾಟಿಗೆ ಇನ್ನೊಂದು ರೊಟ್ಟಿ ಹಾಕುವುದನ್ನು ನೋಡಲಾಗದೆ ನಾನು ಎಷ್ಟು ಸಲ ಪಂಕ್ತಿಯಿಂದ ಎದ್ದು ಹೋಗಿದ್ದೇನೋ. ಹೊಟ್ಟೆಕಿಚ್ಚು ನಿಮ್ಮೊಬ್ಬರದೇ ಎಂದು ತಿಳಿಯಬೇಡಿ.

ಈ ಕಾಗದವನ್ನು ಒಲೆಗೆ ಹಾಕಿರಿ. ಶಿವಾನಿಗೂ ನಾನು ಇದನ್ನು ಹೇಳಿಲ್ಲ.

ನಿಮ್ಮ,
ವಿದ್ಯಾ


ಮಸಗುಪ್ಪಿ
5 ಅಕ್ಟೋಬರ್ 2024

ವಿದ್ಯಾ,

ಕಾಗದ ಸಿಕ್ಕಿತು. ಸುಟ್ಟೆ.

ಶೋಭಾ


ಮಸಗುಪ್ಪಿ
16 ಅಕ್ಟೋಬರ್ 2024

ಚಿ. ಶಿವಾನಿಗೆ,

ಅವ್ವನ ಆಶೀರ್ವಾದ. ನಿಶ್ಚಯ ಮುರಿಯಿತು. ಮೊದಲು ಅದನ್ನು ಓದಿ ಉಸಿರು ಬಿಡು, ಉಳಿದದ್ದನ್ನು ನಿಧಾನ ಓದು.

ನಿನ್ನ ಕಾಗದವನ್ನು ನಿನ್ನಪ್ಪನಿಗೆ ಪೂರ್ತಿ ಓದಿ ಹೇಳಿದೆ. ನಿನ್ನನ್ನು ಕೇಳದೆ ಓದಿದ್ದು ತಪ್ಪೇ, ಆದರೆ ಅವರ ಒಪ್ಪಿಗೆ ಇಲ್ಲದೆ ಗೋಕಾಕದ ಮೆಟ್ಟಿಲು ಹತ್ತುವಂತಿರಲಿಲ್ಲ. ಸೋಮವಾರ ಮುಂಜಾನೆ ಅವರೇ ಗಾಡಿ ಹೊರಗೆ ತೆಗೆದು, "ಹತ್ತ, ಹೋಗಿ ಹೇಳಿ ಬರೂಣು" ಎಂದರು.

ಚನ್ನವ್ವ ನಮಗೆ ಚಹಾ ಇಟ್ಟಿದ್ದರು. ನಾನು ಕುಡಿಯುವ ಮೊದಲೇ ಹೇಳಿದೆ. ಅವರು ಎದ್ದು ನಿಂತರು. "ಸಕ್ಕರಿ ತಿಂದ ಬಾಯಿಲೆ ಒಲ್ಲೆ ಅಂತೀರೇನ್ರಿ?" ಎಂದರು.

"ಹೌದ್ರಿ. ತಿಂದಾಕಿ ನಾನು. ನನ್ನ ಮಗಳು ತಿಂದಿಲ್ಲ" ಎಂದೆ.

"ಹಂಗಾರ ಅಂದ ಯಾಕ ತಿಂದ್ರಿ?"

ಇನ್ನೊಬ್ಬಳ ಮೇಲಿನ ಹೊಟ್ಟೆಕಿಚ್ಚಿಗೆ ತಿಂದೆ ಎಂದು ಹೇಗೆ ಹೇಳಲಿ? ತಪ್ಪಾಯಿತು ಎಂದು ಕೈ ಮುಗಿದೆ. ನಿನ್ನ ವಿಷಯ ಏನೂ ಹೇಳಲಿಲ್ಲ, ಮಗಳಿಗೆ ಮದುವೆಯ ಮನಸ್ಸಿಲ್ಲ ಎಂದಷ್ಟೇ ಹೇಳಿದೆ. ಅವರು ಬಹಳ ಅಂದರು. ಅನ್ನಿಸಿಕೊಂಡೆ. ನಿನ್ನಪ್ಪ ತಲೆ ತಗ್ಗಿಸಿ ಕುಳಿತಿದ್ದರು, ಆದರೆ ಎದ್ದು ಹೋಗಲಿಲ್ಲ.

ಗಾಡಿಯ ಹತ್ತಿರ ಬಂದಾಗ ಗುರುರಾಜ ಹಿಂದೆಯೇ ಬಂದ. ಕೈಗೆ ಇನ್ನೂ ಬೆಲ್ಲ ಹತ್ತಿತ್ತು. "ಅವ್ವಾರ, ನನ್ನಾಗ ಏನ ಕಡಿಮಿ ಐತಿ, ಅಷ್ಟ ಹೇಳಿ ಹೋಗ್ರಿ" ಎಂದ.

"ನಿನ್ನಾಗ ಏನೂ ಕಡಿಮಿ ಇಲ್ಲಪಾ. ಆಕಿಯಾಗೂ ಏನೂ ಕಡಿಮಿ ಇಲ್ಲ" ಎಂದೆ.

ಅವನು ಆಗಲಿ ಎಂದು ತಲೆಯಾಡಿಸಿದ. ಈ ಮಾತನ್ನು ಹದಿನೆಂಟು ವರ್ಷಗಳ ಹಿಂದೆ ಇನ್ನೊಬ್ಬರಿಗೆ ನಾನು ಹೇಳಬೇಕಾಗಿತ್ತು. ಅದರ ಬದಲು ರೊಟ್ಟಿ ಬಡಿಯುತ್ತ ನಕ್ಕೆ. ಅಂದು ಎರಡನೇ ಇಯತ್ತೆಯ ಹುಡುಗಿ ಬಾಗಿಲಲ್ಲಿ ನಿಂತಿದ್ದಳೆಂದು ನಾನು ನೋಡಲೂ ಇಲ್ಲ. ಅದಕ್ಕೆ ನಿನ್ನ ಕ್ಷಮೆ ಕೇಳುತ್ತೇನೆ. ನಿನ್ನ ಅತ್ತೆಯ ಕ್ಷಮೆಯನ್ನು ಕಾಗದದಲ್ಲಿ ಕೇಳಲಾಗುವುದಿಲ್ಲ. ಶನಿವಾರ ಹುಕ್ಕೇರಿಗೆ ಬಂದು ಅವಳ ಮುಖ ನೋಡಿ ಕೇಳುತ್ತೇನೆ. ಅವಳು ನನಗೊಂದು ಮಾತು ಹೇಳಿದ್ದಾಳೆ, ನಿನಗೆ ಹೇಳುವಂತಿಲ್ಲ. ಬಾಗಿಲ ಹೊರಗೆ ನಿಲ್ಲುವುದು ಹೇಗಿರುತ್ತದೆ ಎಂದು ನಿನಗೂ ಸ್ವಲ್ಪ ಗೊತ್ತಾಗಲಿ.

ಆ ಇಂಗ್ಲಿಷ್ ಹೆಸರುಗಳನ್ನು ನಾನು ಒಂದು ಚೀಟಿಯಲ್ಲಿ ಬರೆದುಕೊಂಡು ಓದುತ್ತಿದ್ದೇನೆ. ಎಲ್ಲ ತಿಳಿದಿದೆ ಎಂದು ಸುಳ್ಳು ಹೇಳುವುದಿಲ್ಲ. ನಿನಗೆ ಮುಂದೆ ಯಾರು ಜೊತೆ, ಮುಪ್ಪಿನಲ್ಲಿ ಯಾರು ನೀರು ಕೊಡುತ್ತಾರೆ ಎಂಬ ಚಿಂತೆ ಎದೆಯಿಂದ ಇಳಿದಿಲ್ಲ. ಅದನ್ನು ನಿನ್ನ ಮೇಲೆ ಹೇರದೆ ಇರಲು ಪ್ರಯತ್ನಿಸುತ್ತೇನೆ. ನಡುನಡುವೆ ತಪ್ಪುತ್ತೇನೆ, ಆಗ ಬೈಯಿ.

ತಿರುಗಿ ಬರುವಾಗ ದಾರಿಯಲ್ಲಿ ಒಂದು ಹೋಟೆಲಿನ ಮುಂದೆ ನಿನ್ನಪ್ಪ ಗಾಡಿ ನಿಲ್ಲಿಸಿದರು. ಚನ್ನವ್ವನ ಮನೆಯ ಚಹಾ ಹಾಗೇ ಉಳಿದಿತ್ತಲ್ಲ. ಬೆಂಚಿನ ಮೇಲೆ ಕುಳಿತು ಚಹಾ ಹೇಳಿದರು. ಆಮೇಲೆ ಕೇಳಿದರು:

"ನಮ್ಮ ಲಗ್ನದಾಗ ನಿನ್ನ ಯಾರರ ಕೇಳಿದ್ರೇನ?"

"ಇಲ್ರಿ" ಎಂದೆ.

"ಕೇಳಿದ್ರ ಏನ ಅಂತಿದ್ದಿ?"

ಇಪ್ಪತ್ತೇಳು ವರ್ಷದ ಸಂಸಾರದಲ್ಲಿ ಇಂಥ ಮಾತು ಅವರ ಬಾಯಿಂದ ಬಂದದ್ದು ಇದೇ ಮೊದಲು. ಹೌದು ಅಂತಿದ್ದೆ ಎನ್ನಲು ಬಾಯಿ ತೆರೆದೆ, ಬರಲಿಲ್ಲ. ಇಲ್ಲ ಅಂತಿದ್ದೆ ಎನ್ನಲೂ ಬರಲಿಲ್ಲ. ಅವರು ನನ್ನನ್ನು ಪ್ರೀತಿಯಿಂದಲೇ ನೋಡಿಕೊಂಡಿದ್ದಾರೆ. ಆದರೆ ಗಂಡ ಬೇಕೆಂದು ಯಾವತ್ತಾದರೂ ನನಗೇ ಅನಿಸಿತ್ತೋ, ಎಲ್ಲರೂ ಮಾಡುತ್ತಾರೆಂದು ಮಾಡಿದೆನೋ, ನಾನು ಒಮ್ಮೆಯೂ ಒಳಗೆ ತಿರುಗಿ ನೋಡಿರಲಿಲ್ಲ.

"ಗೊತ್ತಿಲ್ರಿ" ಎಂದೆ.

ಅವರಿಗೆ ಸಿಟ್ಟು ಬರಲಿಲ್ಲ. "ನನ್ನೂ ಯಾರೂ ಕೇಳಲಿಲ್ಲ ಬಿಡ" ಎಂದು ತಮ್ಮ ಬಟ್ಟಲಿನ ಚಹಾದಲ್ಲಿ ಅರ್ಧ ನನಗೆ ಸುರಿದರು.

ಅತ್ತೆಯ ಮೇಲಿನ ಹೊಟ್ಟೆಕಿಚ್ಚು ಇನ್ನೂ ಪೂರ್ತಿ ಆರಿಲ್ಲ ಶಿವಾನಿ. ಆದರೆ ಆ ಬೆಂಚಿನ ಮೇಲೆ ಕುಳಿತಾಗ ಅದಕ್ಕಿಂತ ದೊಡ್ಡದೊಂದು ಎದ್ದಿತು, ಅದು ನಿನ್ನ ಮೇಲಿನದು. ನಿನಗೆ ಇಪ್ಪತ್ತೈದು ವರ್ಷ, ಯಾರಾದರೂ ಕೇಳಿದರೆ ಹೇಳಲು ನಿನ್ನ ಹತ್ತಿರ ಉತ್ತರವಿದೆ. ನನ್ನನ್ನು ನಲವತ್ತಾರನೆಯ ವಯಸ್ಸಿನಲ್ಲಿ ಮೊದಲ ಸಲ ಒಬ್ಬರು ಕೇಳಿದರು. ನಾನು ಇನ್ನೂ ಯೋಚಿಸುತ್ತಿದ್ದೇನೆ.

ನಿನ್ನ,
ಅವ್ವ